ಪದ್ಮಿನಿಗೆ ಹಾರ ಬೇಡ, ಗ್ರೀಸ್ ಹೊಡೆಯಿರಿ

ಸಂಪಾದಕರಿಗೆ,

ಮಾನ್ಯರೇ,

ಮುಂಬೈನ ಕಪ್ಪು-ಹಳದಿ ಪದ್ಮಿನಿ ಟ್ಯಾಕ್ಸಿಗಳು 2023ರ ಅಕ್ಟೋಬರ್ ಕೊನೆಗೆ ರಸ್ತೆಯಿಂದ ಇಳಿದ ಮೇಲೆ ಆ ಕಾರಿನ ಬಗ್ಗೆ ಬಂದ ಬರಹಗಳಿಗೆ ಲೆಕ್ಕವಿಲ್ಲ. ಹೆಚ್ಚುಕಡಿಮೆ ಎಲ್ಲದರದ್ದೂ ಒಂದೇ ರಾಗ: ಸ್ಟಿಯರಿಂಗ್ ಪಕ್ಕದ ಗೇರು, ಸೋಫಾದಂಥ ಮುಂದಿನ ಸೀಟು, ಮದುವೆ ದಿಬ್ಬಣ, ಕೊನೆಗೆ ‘ಆ ಕಾಲದ ಗಟ್ಟಿ ಕಬ್ಬಿಣ, ಅದಕ್ಕೇನೂ ಆಗಲ್ಲ’ ಎಂಬ ಮಾತು. ಈ ಕೊನೆಯ ಮಾತಿನ ಮೇಲೇ ತಕರಾರು. ಪದ್ಮಿನಿ ಕೆಡದ ಕಾರಲ್ಲ. ಕೆಟ್ಟರೆ ಸರಿ ಮಾಡಬಹುದಾದ ಕಾರು. ಎರಡಕ್ಕೂ ಬಹಳ ವ್ಯತ್ಯಾಸವಿದೆ. ಈ ವ್ಯತ್ಯಾಸ ಗೊತ್ತಿಲ್ಲದೆ ಹೊಸ ಕಾರಿನಂತೆ ವರ್ಷಕ್ಕೊಮ್ಮೆ ಸರ್ವಿಸ್‌ಗೆ ಬಿಟ್ಟು ಸುಮ್ಮನಾಗುವವರ ಕೈಯಲ್ಲೇ ಒಳ್ಳೊಳ್ಳೆಯ ಪದ್ಮಿನಿಗಳು ಗುಜರಿ ಸೇರುತ್ತಿವೆ. ಶೆಡ್ಡಿನಲ್ಲಿ ಟಾರ್ಪಾಲು ಹೊದ್ದು ನಿಂತಿರುವ ಕಾರನ್ನು ಮತ್ತೆ ಮನೆಮಂದಿ ಓಡಾಡುವಂತೆ ಮಾಡಬೇಕು ಎನ್ನುವವರಿಗೆ ಉಪಯೋಗವಾಗಲೆಂದು ಈ ಪತ್ರ.

ಮೊದಲು ಕಾರಿನ ವಯಸ್ಸನ್ನು ಸರಿಯಾಗಿ ಎಣಿಸೋಣ. ‘ಪ್ರೀಮಿಯರ್ ಪದ್ಮಿನಿ’ ಎಂಬ ಹೆಸರು ಬಂದದ್ದು 1974ರಲ್ಲಿ. ಅದಕ್ಕೆ ಮುಂಚೆ ಸ್ವಲ್ಪ ಕಾಲ ‘ಪ್ರೆಸಿಡೆಂಟ್’, ಅದಕ್ಕೂ ಮುಂಚೆ, 1964ರಿಂದ, ‘ಫಿಯೆಟ್ 1100 ಡಿಲೈಟ್’. ಹೆಸರು ಬದಲಾದರೂ ನಮ್ಮ ಜನರ ಬಾಯಲ್ಲಿ ಅದು ಕೊನೆಯವರೆಗೂ ಫಿಯೆಟ್ಟೇ. ಇಟಲಿಯ ಟ್ಯೂರಿನ್‌ನಲ್ಲಿ ಇದರ ಮೂಲ ಮಾದರಿ 1100/103 ಹೊರಬಂದದ್ದು 1953ರಲ್ಲಿ. ಬಾನೆಟ್ಟಿನೊಳಗಿನ 1089 ಸಿಸಿ ಎಂಜಿನ್ ಇನ್ನೂ ಹಳೆಯದು. ಸಿಲಿಂಡರಿನ ಅಗಲ (ಬೋರ್) 68 ಮಿ.ಮೀ., ಪಿಸ್ಟನ್ ಓಡುವ ದೂರ (ಸ್ಟ್ರೋಕ್) 75 ಮಿ.ಮೀ., ತಲೆಯ ಮೇಲೆ ವಾಲ್ವು: ಇದೇ ಅಳತೆಯ ಎಂಜಿನ್ 1937ರ ಫಿಯೆಟ್ 508ಸಿ ಕಾರಿನಲ್ಲಿತ್ತು. 1990ರ ದಶಕದಲ್ಲಿ ಶೋರೂಮಿನಿಂದ ಹೊಚ್ಚ ಹೊಸದಾಗಿ ತಂದ ಪದ್ಮಿನಿಯ ಎಂಜಿನ್ ಕೂಡ ವಿನ್ಯಾಸದ ಲೆಕ್ಕದಲ್ಲಿ ಸ್ವಾತಂತ್ರ್ಯಕ್ಕಿಂತ ಹತ್ತು ವರ್ಷ ದೊಡ್ಡದು. ವಾರಕ್ಕೊಮ್ಮೆ ಬಾನೆಟ್ ಎತ್ತುವ, ಸಾವಿರ ಕಿಲೋಮೀಟರಿಗೊಮ್ಮೆ ಗ್ರೀಸ್ ಗನ್ ಹಿಡಿಯುವ ಮಾಲೀಕನನ್ನೋ ಡ್ರೈವರನ್ನೋ ಲೆಕ್ಕಕ್ಕಿಟ್ಟುಕೊಂಡೇ ಅದನ್ನು ಮಾಡಿದ್ದರು. 10,000 ಕಿ.ಮೀ.ಗೊಮ್ಮೆ ಸರ್ವಿಸ್ ಎಂಬುದು ಆ ಕಾಲಕ್ಕೆ ಕೇಳರಿಯದ ಮಾತು.

ಇದನ್ನು ‘ಬಾಂಬೆ ಕಾರು’ ಎಂದು ಬರೆಯುವವರು ಮೈಸೂರಿನ ಪಾಲನ್ನು ಮರೆಯುತ್ತಾರೆ. 1930ರ ದಶಕದ ನಡುವೆ ಸರ್ ಎಂ. ವಿಶ್ವೇಶ್ವರಯ್ಯನವರು ಯುರೋಪು, ಅಮೆರಿಕಗಳ ಮೋಟಾರು ಕಾರ್ಖಾನೆಗಳನ್ನು ಸುತ್ತಿ ನೋಡಿ ಬಂದು, ಭಾರತದಲ್ಲೇ ಕಾರು ತಯಾರಿಸುವ ಪೂರ್ತಿ ಯೋಜನೆ ಸಿದ್ಧಪಡಿಸಿದ್ದರು. ಅದನ್ನು ಕೈಗೆತ್ತಿಕೊಂಡ ಉದ್ಯಮಿ ವಾಲ್‌ಚಂದ್ ಹೀರಾಚಂದ್. ಮೈಸೂರು ಸರ್ಕಾರ ಕೈಜೋಡಿಸಲು ಮುಂದೆ ಬಂದಿತ್ತು. ಬ್ರಿಟಿಷ್ ಸರ್ಕಾರ ಒಪ್ಪಲಿಲ್ಲ. ಅದೇ ವಾಲ್‌ಚಂದ್ 1940ರ ಡಿಸೆಂಬರಿನಲ್ಲಿ ಬೆಂಗಳೂರಿನಲ್ಲಿ ಹಿಂದೂಸ್ತಾನ್ ಏರ್‌ಕ್ರಾಫ್ಟ್ ಆರಂಭಿಸಿದರು, ಮೈಸೂರು ಸಂಸ್ಥಾನ ಅದರಲ್ಲಿ ಪಾಲು ಹಾಕಿತು. ಕಾರಿನ ಕಂಪನಿ ಪ್ರೀಮಿಯರ್ ಆಟೊಮೊಬೈಲ್ಸ್ ಮಾತ್ರ 1944ರಲ್ಲಿ ಮುಂಬೈನಲ್ಲಿ ಹುಟ್ಟಿ ಕುರ್ಲಾದಲ್ಲಿ ಬೇರು ಬಿಟ್ಟಿತು. ಮೊದಲು ಕ್ರೈಸ್ಲರ್ ಕಂಪನಿಯ ಡಾಡ್ಜ್, ಪ್ಲಿಮತ್ ಜೋಡಿಸಿ, ಆಮೇಲೆ ಫಿಯೆಟ್ ಜತೆ ಒಪ್ಪಂದ ಮಾಡಿಕೊಂಡು 1954ರಿಂದ 1100 ಮಾಡತೊಡಗಿತು. ವಿಮಾನ ನಮಗೆ ಸಿಕ್ಕಿತು, ಕಾರು ಕೈತಪ್ಪಿತು.

ಇನ್ನು ಶೆಡ್ಡಿಗೆ ಹೋಗೋಣ.

ವರ್ಷಗಟ್ಟಲೆ ನಿಂತ ಕಾರಿಗೆ ಹೊಸ ಬ್ಯಾಟರಿ ಹಾಕಿ ಸೀದಾ ಸೆಲ್ಫ್ ಹೊಡೆಯುವುದು ಎಲ್ಲರೂ ಮಾಡುವ ಮೊದಲ ತಪ್ಪು. ನಿಂತ ಎಂಜಿನ್ನಿನ ಸಿಲಿಂಡರಿನಲ್ಲಿ ಎಣ್ಣೆಯ ಪೊರೆ ಇಳಿದುಹೋಗಿ ಪಿಸ್ಟನ್ ರಿಂಗುಗಳು ತುಕ್ಕಿಗೆ ಅಂಟಿರುತ್ತವೆ. ಬಲವಂತವಾಗಿ ತಿರುಗಿಸಿದರೆ ರಿಂಗು ಮುರಿಯುತ್ತದೆ, ಇಲ್ಲವೇ ಬೋರಿನ ಮೇಲೆ ಗೀರು ಬೀಳುತ್ತದೆ. ನಾಲ್ಕೂ ಪ್ಲಗ್ ಬಿಚ್ಚಿ ಒಂದೊಂದು ಸಿಲಿಂಡರಿಗೆ ಒಂದು ಟೀ ಚಮಚ ಎಂಜಿನ್ ಎಣ್ಣೆ ಬಿಟ್ಟು ಒಂದು ರಾತ್ರಿ ಹಾಗೇ ಬಿಡಿ. ಮಾರನೇ ದಿನ ಟಾಪ್ ಗೇರಿಗೆ ಹಾಕಿ ಕಾರನ್ನು ಮೆಲ್ಲಗೆ ಹಿಂದೆ ಮುಂದೆ ತಳ್ಳಿ ನೋಡಿ. ಎಂಜಿನ್ ಸಲೀಸಾಗಿ ತಿರುಗಿದರೆ ಹಳೆಯ ಎಣ್ಣೆ ಪೂರ್ತಿ ಇಳಿಸಿ ಹೊಸದು ತುಂಬಿ. ಪ್ಲಗ್ ಇಲ್ಲದೆಯೇ ಹತ್ತು ಹತ್ತು ಸೆಕೆಂಡು ಸೆಲ್ಫ್ ಹೊಡೆಯುತ್ತಾ ಬನ್ನಿ, ನಡುವೆ ಸ್ಟಾರ್ಟರ್ ತಣಿಯಲು ಬಿಡಿ. ಕಂಪ್ರೆಷನ್ ಒತ್ತಡ ಇಲ್ಲದೆ ಎಂಜಿನ್ ಹಗುರವಾಗಿ ತಿರುಗಿ ಆಯಿಲ್ ಪಂಪು ಎಣ್ಣೆಯನ್ನು ಮೇಲಕ್ಕೆತ್ತುತ್ತದೆ. ಡ್ಯಾಷ್‌ಬೋರ್ಡಿನ ಆಯಿಲ್ ಲೈಟ್ ಆರಿದ ಮೇಲಷ್ಟೇ ಪ್ಲಗ್ ಕೂರಿಸಬೇಕು. ಅಷ್ಟರೊಳಗೆ ಟ್ಯಾಂಕಿನ ಹಳೆಯ ಪೆಟ್ರೋಲ್ ಇಳಿಸಿ ಆಗಿರಬೇಕು. ಮೂಗಿಗೆ ವಾರ್ನಿಷ್ ವಾಸನೆ ಬಂದರೆ ಆ ಪೆಟ್ರೋಲ್ ಯಾವುದಕ್ಕೂ ಬಾರದು. ಬ್ಯಾಟರಿ ಜೋಡಿಸುವ ಮುನ್ನ ಏರ್ ಕ್ಲೀನರ್ ಡಬ್ಬಿಯಲ್ಲೂ ಡ್ಯಾಷ್‌ಬೋರ್ಡಿನ ಹಿಂದೆಯೂ ಇಲಿ ಗೂಡು ಕಟ್ಟಿದೆಯೇ ನೋಡಿ. ಕಡಿದ ವೈರಿನಿಂದ ಸುಟ್ಟುಹೋದ ಕಾರುಗಳೂ ಇವೆ.

ಹೀಗೆ ಎದ್ದ ಕಾರನ್ನು ಮತ್ತೆ ನಿಲ್ಲಿಸಬಾರದು. ವಾರಕ್ಕೊಮ್ಮೆ ಶೆಡ್ಡಿನಲ್ಲೇ ಹತ್ತು ನಿಮಿಷ ಸ್ಟಾರ್ಟ್ ಮಾಡಿಡುತ್ತೇವೆ ಎನ್ನುವವರಿದ್ದಾರೆ. ಅದು ನಿಲ್ಲಿಸಿದ್ದಕ್ಕಿಂತ ಕೆಟ್ಟದ್ದು. ಐಡ್ಲಿಂಗ್‌ನಲ್ಲಿ ಎಂಜಿನ್ ಪೂರ್ತಿ ಬಿಸಿಯಾಗದೆ, ಉರಿದ ಪೆಟ್ರೋಲಿನಿಂದ ಬಂದ ನೀರಾವಿ ಸೈಲೆನ್ಸರಿನಲ್ಲೂ ಎಂಜಿನ್ ತಳದ ಎಣ್ಣೆ ತೊಟ್ಟಿಯಾದ ಸಂಪಿನಲ್ಲೂ ತಂಪಾಗಿ ಕೂರುತ್ತದೆ. ಸೈಲೆನ್ಸರು ಒಳಗಿನಿಂದ ತೂತಾಗುತ್ತದೆ, ಎಣ್ಣೆ ಮಜ್ಜಿಗೆಯಂತಾಗುತ್ತದೆ. ವಾರಕ್ಕೊಮ್ಮೆ 20 ಕಿ.ಮೀ. ಓಡಿಸಿ, ನಾಲ್ಕೂ ಗೇರಿನಲ್ಲಿ. ಆಗ ಬ್ರೇಕು, ಗೇರ್‌ಬಾಕ್ಸ್, ಹಬ್ಬು ಎಲ್ಲಕ್ಕೂ ಕೆಲಸ ಸಿಗುತ್ತದೆ. ಮೊದಲ ಗೇರಿಗೆ ಈ ಕಾರಿನಲ್ಲಿ ಸಿಂಕ್ರೊಮೆಶ್, ಅಂದರೆ ಹಲ್ಲುಗಳ ವೇಗ ಹೊಂದಿಸುವ ಏರ್ಪಾಡು, ಇಲ್ಲ. ಕಾರು ಉರುಳುತ್ತಿರುವಾಗಲೇ ಫಸ್ಟಿಗೆ ಎಳೆದರೆ ಹಲ್ಲು ಕರಕರ ಎನ್ನುತ್ತದೆ. ಹಂಪು ಬಂದಾಗ ಸೆಕೆಂಡಿನಲ್ಲೇ ದಾಟಿಸಬೇಕು, ಇಲ್ಲವೇ ಪೂರ್ತಿ ನಿಲ್ಲಿಸಿ ಫಸ್ಟ್ ಹಾಕಬೇಕು.

ಗ್ರೀಸ್ ವಿಷಯಕ್ಕೆ ಬರುತ್ತೇನೆ, ಶೀರ್ಷಿಕೆಯಲ್ಲೇ ಅದು ಇದೆಯಲ್ಲ. ಮುಂದಿನ ಚಕ್ರಗಳು ಕಿಂಗ್ ಪಿನ್ ಮೇಲೆ ತಿರುಗುತ್ತವೆ. ಈಗಿನ ಕಾರುಗಳ ಬಾಲ್ ಜಾಯಿಂಟಿನಂತೆ ಜೀವಮಾನದ ಗ್ರೀಸ್ ತುಂಬಿ ಮುಚ್ಚಿದ್ದಲ್ಲ ಅದು; ಒಂದು ಉಕ್ಕಿನ ಪಿನ್ನು, ಅದರ ಸುತ್ತ ಬುಷ್ಷು, ನಡುವೆ ಕಾಗದದಷ್ಟು ದಪ್ಪ ಗ್ರೀಸು. ಆ ಗ್ರೀಸ್ ಒಣಗಿದ ದಿನದಿಂದಲೇ ಸ್ಟಿಯರಿಂಗ್ ಭಾರವಾಗುತ್ತದೆ. ತಿರುವು ಮುಗಿದ ಮೇಲೆ ತಾನಾಗಿ ನೇರಕ್ಕೆ ಬರುವುದಿಲ್ಲ. ‘ಹಳೇ ಕಾರು, ಸ್ಟಿಯರಿಂಗ್ ಟೈಟು’ ಎಂದು ಅದನ್ನು ಕಾರಿನ ಗುಣವೆಂದೇ ತಿಳಿದವರು ಹೆಚ್ಚು. 1,000ದಿಂದ 1,500 ಕಿ.ಮೀ.ಗೊಮ್ಮೆ, ಮಳೆಗಾಲದಲ್ಲಿ ಅದಕ್ಕೂ ಬೇಗ, ಗ್ರೀಸ್ ಹೊಡೆಯಬೇಕು. ಹೊಡೆಯುವ ಮುನ್ನ ಗ್ರೀಸ್ ಒಳಗೆ ಹೋಗುವ ಬಾಯಿ, ಅಂದರೆ ನಿಪ್ಪಲ್ಲಿನ ಮಣ್ಣನ್ನು ಬಟ್ಟೆಯಿಂದ ಒರೆಸಿ. ಇಲ್ಲದಿದ್ದರೆ ಮೊದಲ ಒತ್ತಿಗೆ ಒಳಗೆ ಹೋಗುವುದು ಮರಳೇ. ಜಾಕ್ ಕೊಟ್ಟು ಚಕ್ರ ಎತ್ತಿ ಹೊಡೆದರೆ ಭಾರ ಬೀಳುವ ಕಡೆಗೂ ಗ್ರೀಸ್ ನುಗ್ಗುತ್ತದೆ. ಕಪ್ಪು ಗ್ರೀಸ್ ಹೊರಬಂದು, ಅದರ ಹಿಂದೆಯೇ ಹೊಸದರ ಬಣ್ಣ ಕಾಣುವವರೆಗೆ ಒತ್ತುತ್ತಲೇ ಇರಿ. ಒತ್ತಿದರೂ ಗ್ರೀಸ್ ಹೋಗದಿದ್ದರೆ ನಿಪ್ಪಲ್ ಕಟ್ಟಿದೆ ಎಂದರ್ಥ. ಕಳಚಿ ಹೊಸದು ಹಾಕಿ, ಅದರ ಬೆಲೆ ಚಹಾದ ಬೆಲೆಯ ಆಸುಪಾಸು.

ಕಿಂಗ್ ಪಿನ್ ಸವೆದಿದೆಯೇ ಎಂದು ನೋಡಲು ಗ್ಯಾರೇಜಿಗೆ ಹೋಗಬೇಕಿಲ್ಲ. ಜಾಕ್ ಮೇಲಿನ ಚಕ್ರವನ್ನು ಮೇಲೊಂದು ಕೈ ಕೆಳಗೊಂದು ಕೈ ಹಿಡಿದು ಅಲ್ಲಾಡಿಸಿ. ಆಟ ಕಂಡರೆ ಒಳಗೆ ಕೂತವರಿಗೆ ಬ್ರೇಕ್ ಒತ್ತಿ ಹಿಡಿಯಲು ಹೇಳಿ ಮತ್ತೆ ಅಲ್ಲಾಡಿಸಿ. ಬ್ರೇಕ್ ಒತ್ತಿದಾಗ ಆಟ ಮಾಯವಾದರೆ ಅದು ವೀಲ್ ಬೇರಿಂಗಿನದ್ದು, ಬಿಗಿ ಮಾಡಿದರೆ ಸಾಕು. ಒತ್ತಿದರೂ ಉಳಿದರೆ ಕಿಂಗ್ ಪಿನ್ನಿನದ್ದು. ಕಿಟ್ ಹಾಕಿಸುವಾಗ ಹೊಸ ಬುಷ್ಷನ್ನು ಸುತ್ತಿಗೆಯಿಂದ ಬಡಿದು ಕೂರಿಸಿ ಹಾಗೇ ಬಿಟ್ಟರೆ ಪಿನ್ನು ಹಿಡಿದುಕೊಳ್ಳುತ್ತದೆ. ಬುಷ್ಷನ್ನು ಪಿನ್ನಿನ ಅಳತೆಗೆ ರೀಮರ್ (ತೂತಿನ ಒಳಗನ್ನು ನಯವಾಗಿ ಕೊರೆಯುವ ಸಾಧನ) ಹೊಡೆಯಬೇಕು. ರೀಮರ್ ಇರುವ ಮೆಕ್ಯಾನಿಕ್ ಸಿಕ್ಕರೆ ಬಿಡಬೇಡಿ, ಈಗ ಅಂಥವರು ಬೆರಳೆಣಿಕೆ.

ಎಣ್ಣೆಯ ವಿಷಯದಲ್ಲಿ ದುಬಾರಿಯದೇ ಒಳ್ಳೆಯದು ಎಂಬ ನಂಬಿಕೆ ಕೆಲಸಕ್ಕೆ ಬಾರದು. 5ಡಬ್ಲ್ಯು-30ರಂಥ ತೆಳು ಸಿಂಥೆಟಿಕ್ ಎಣ್ಣೆ ಇದರ ಸಡಿಲ ಅಳತೆಯ ಬೇರಿಂಗುಗಳಿಗೂ ಹಳೆಯ ಸೀಲುಗಳಿಗೂ ಹೊಂದುವುದಿಲ್ಲ; ಶೆಡ್ಡಿನ ನೆಲ ಒದ್ದೆಯಾಗುತ್ತದೆ, ಬಿಸಿಯಾದಾಗ ಆಯಿಲ್ ಲೈಟ್ ಮಿಣಕುತ್ತದೆ. 20ಡಬ್ಲ್ಯು-40 ಅಥವಾ 20ಡಬ್ಲ್ಯು-50 ಮಿನರಲ್ ಎಣ್ಣೆ ಸಾಕು, 3,000 ಕಿ.ಮೀ. ಅಥವಾ ಆರು ತಿಂಗಳು, ಯಾವುದು ಮೊದಲೋ ಆಗ ಬದಲಿಸಿ. ಗೇರ್‌ಬಾಕ್ಸಿಗೆ ಜಿಎಲ್-4 ಎಂದು ಬರೆದ ಎಣ್ಣೆಯನ್ನೇ ಕೇಳಿ. ಜಿಎಲ್-5ರಲ್ಲಿರುವ ಗಂಧಕದ ಅಂಶ ಸಿಂಕ್ರೊ ರಿಂಗಿನ ಹಿತ್ತಾಳೆಯನ್ನು ತಿನ್ನಬಹುದು. ಹಿಂದಿನ ಚಕ್ರಗಳ ನಡುವಿನ ಗೇರಿನ ಹೌಸಿಂಗಿಗೆ ಇಪಿ 90 ಎಣ್ಣೆ.

ಪದ್ಮಿನಿಯನ್ನು ನಿಜವಾಗಿ ಕೊಲ್ಲುವುದು ನೀರು. ಎಂಜಿನ್ನಿನ ಬ್ಲಾಕು ಬೀಡುಕಬ್ಬಿಣದ್ದು, ಅದರ ಮೇಲೆ ಕೂರುವ ಹೆಡ್ಡು ಅಲ್ಯುಮಿನಿಯಮ್ಮಿನದು. ಬಿಸಿಗೆ ಅಲ್ಯುಮಿನಿಯಮ್ ಬೀಡಿಗಿಂತ ಹೆಚ್ಚು ಹಿಗ್ಗುತ್ತದೆ. ಒಮ್ಮೆ ಕೆಂಡದಂತೆ ಕಾದರೆ ಹೆಡ್ಡು ಬಿಲ್ಲಿನಂತೆ ಬಾಗಿ ನಡುವೆ ಗ್ಯಾಸ್ಕೆಟ್ ಸುಡುತ್ತದೆ. ಎರಡು ಬಗೆಯ ಲೋಹದ ನಡುವೆ ಬರೀ ನೀರು ನಿಂತರೆ ಅಲ್ಯುಮಿನಿಯಮ್ ಕರಗುತ್ತಾ ಹೋಗುತ್ತದೆ. ಹೆಡ್ ಬಿಚ್ಚಿದಾಗ ನೀರಿನ ದಾರಿಗಳ ಅಂಚು ಇಲಿ ಕಡಿದಂತೆ ಕಾಣುವುದು ಇದಕ್ಕೇ. ಕೋಲಾರ, ವಿಜಯಪುರದ ಕಡೆಯ ಗಡಸು ಬೋರ್‌ವೆಲ್ ನೀರು ತುಂಬಿದರಂತೂ ರೇಡಿಯೇಟರಿನ ಸಣ್ಣ ಕೊಳವೆಗಳಲ್ಲಿ ಸುಣ್ಣ ಕಟ್ಟಿ, ಮೇಲೆ ಕೈಯಿಟ್ಟರೆ ಬಿಸಿ, ಕೆಳಗೆ ತಣ್ಣಗೆ. ಬ್ಯಾಟರಿಗೆ ಹಾಕುವ ಡಿಸ್ಟಿಲ್ಡ್ ನೀರಿಗೆ ಅಷ್ಟೇ ಪ್ರಮಾಣದ ಕೂಲಂಟ್ ಬೆರೆಸಿ ಹಾಕಿ, ಎರಡು ವರ್ಷಕ್ಕೊಮ್ಮೆ ಪೂರ್ತಿ ಬದಲಿಸಿ. ನಮ್ಮಲ್ಲಿ ನೀರು ಹೆಪ್ಪುಗಟ್ಟುವ ಚಳಿ ಎಲ್ಲಿದೆ ಎಂದು ಕೇಳಬೇಡಿ. ಇಲ್ಲಿ ಬೇಕಿರುವುದು ಅದರಲ್ಲಿನ ತುಕ್ಕುತಡೆ.

ಇನ್ನೊಂದು ಪಿಡುಗು, ಎಂಜಿನ್ ಬಿಸಿಯಾಗುವವರೆಗೆ ನೀರನ್ನು ರೇಡಿಯೇಟರಿಗೆ ಬಿಡದ ಥರ್ಮೋಸ್ಟಾಟ್ ಕಿತ್ತೆಸೆಯುವುದು. ‘ನಮ್ಮ ಬಿಸಿಲಿಗೆ ಅದು ಬೇಡ’ ಎಂದು ಮೆಕ್ಯಾನಿಕ್ ಕಿತ್ತು ಕೈಗೆ ಕೊಡುತ್ತಾನೆ, ಮಾಲೀಕ ಖುಷಿಪಡುತ್ತಾನೆ. ಆಮೇಲೆ ಎಂಜಿನ್ ಬಿಸಿಯಾಗಲು ಮೈಲುಗಟ್ಟಲೆ ಹಿಡಿಯುತ್ತದೆ, ತಣ್ಣನೆಯ ಎಂಜಿನ್ನಿಗೆ ಹೆಚ್ಚು ಪೆಟ್ರೋಲ್ ಕೊಡುವ ಚೋಕ್ ಎಳೆದೇ ಓಡಿಸಬೇಕಾಗುತ್ತದೆ, ಪೆಟ್ರೋಲ್ ಸಿಲಿಂಡರ್ ಗೋಡೆಯ ಎಣ್ಣೆ ತೊಳೆದು ಬೋರು ಸವೆಯುತ್ತದೆ. ಥರ್ಮೋಸ್ಟಾಟ್ ಸರಿಯಿದೆಯೇ ಎಂದು ನೋಡುವುದು ಸುಲಭ: ಪಾತ್ರೆಯ ನೀರಿನಲ್ಲಿ ದಾರ ಕಟ್ಟಿ ಇಳಿಬಿಟ್ಟು ಒಲೆಯ ಮೇಲಿಡಿ. ನೀರು ಕುದಿಯುವ ಮುಂಚೆಯೇ ಅದು ಬಾಯಿ ತೆರೆಯಬೇಕು. ಕುದಿದರೂ ತೆರೆಯದಿದ್ದರೆ ಎಸೆಯಿರಿ, ಆದರೆ ಅದರ ಜಾಗಕ್ಕೆ ಹೊಸದು ಹಾಕಿ. ಚಾರ್ಮಾಡಿ, ಆಗುಂಬೆಯಂಥ ಘಾಟಿ ಹತ್ತಿ ಮೇಲೆ ಬಂದ ಕೂಡಲೇ ಕೀಲಿ ತಿರುಗಿಸಿ ಆಫ್ ಮಾಡಬಾರದು. ಎರಡು ನಿಮಿಷ ಐಡ್ಲಿಂಗ್‌ನಲ್ಲಿ ಬಿಟ್ಟರೆ ಪಂಪು ನೀರು ಸುತ್ತಿಸಿ ಹೆಡ್ಡಿನ ಬಿಸಿ ಇಳಿಸುತ್ತದೆ. ಹೆಡ್ ಕೂರಿಸುವಾಗ ನಟ್ಟುಗಳನ್ನು ನಡುವಿನಿಂದ ಹೊರಕ್ಕೆ, ಮೂರು ಸುತ್ತಿನಲ್ಲಿ, ಟಾರ್ಕ್ ಸ್ಪಾನರಿನಿಂದ ಬಿಗಿಯಬೇಕು. ಒಂದು ತುದಿಯಿಂದ ಶುರುಮಾಡಿ ತೋಳಿನ ಅಂದಾಜಿಗೆ ಬಿಗಿದ ಹೆಡ್ ಹೆಚ್ಚು ದಿನ ಬಾಳುವುದಿಲ್ಲ.

ಟ್ಯಾಪೆಟ್ ಸೆಟ್ಟಿಂಗ್, ಅಂದರೆ ವಾಲ್ವಿಗೂ ಅದನ್ನು ಒತ್ತುವ ತೋಳಿಗೂ ನಡುವಿನ ಅಂತರ ಹೊಂದಿಸುವುದು, ಮನೆಯಲ್ಲೇ ಮಾಡಬಹುದಾದ ಕೆಲಸ. ಎಂಟು ವಾಲ್ವಿಗೆ ಒಂದು ಹಳೆಯ ಸೂತ್ರವಿದೆ: ಒಂಬತ್ತರಲ್ಲಿ ಕಳೆಯಿರಿ. ರೇಡಿಯೇಟರ್ ಕಡೆಯಿಂದ ವಾಲ್ವುಗಳಿಗೆ 1ರಿಂದ 8ರವರೆಗೆ ಸಂಖ್ಯೆ ಕೊಡಿ. ಪ್ಲಗ್ ಬಿಚ್ಚಿ ಎಂಜಿನ್ ತಿರುಗಿಸುತ್ತಾ ಬನ್ನಿ. 1ನೇ ವಾಲ್ವ್ ಪೂರ್ತಿ ಕೆಳಗಿಳಿದಾಗ 8ನೆಯದನ್ನು ಸೆಟ್ ಮಾಡಿ, 3 ಇಳಿದಾಗ 6, 5 ಇಳಿದಾಗ 4, 2 ಇಳಿದಾಗ 7, ಹೀಗೇ. ಅಂತರ ಅಳೆಯುವ ತೆಳು ಪಟ್ಟಿ ಫೀಲರ್ ಗೇಜು ಒಳಗೆ ಹೋಗಬೇಕು, ಎಳೆದರೆ ತುಸು ಹಿಡಿಯಬೇಕು. ಲಾಕ್ ನಟ್ ಬಿಗಿದ ಮೇಲೆ ಮತ್ತೊಮ್ಮೆ ಅಳೆಯಿರಿ, ಏಕೆಂದರೆ ಬಿಗಿಯುವಾಗ ಸ್ಕ್ರೂ ಕೂದಲೆಳೆಯಷ್ಟು ತಿರುಗಿರುತ್ತದೆ. ಎಂಜಿನ್ ರಾತ್ರಿಯಿಡೀ ತಣಿದಿರಬೇಕು, ಅಳತೆ ಕೈಪಿಡಿಯದ್ದೇ ಆಗಬೇಕು. ಸದ್ದು ಹೋಗಲಿ ಎಂದು ಬಿಗಿ ಮಾಡಿಸುವವರಿಗೆ ಒಂದು ಮಾತು: ಟಕಟಕ ಎನ್ನುವ ಟ್ಯಾಪೆಟ್ಟಿನಿಂದ ಕಿವಿಗೆ ಮಾತ್ರ ತೊಂದರೆ. ಸದ್ದೇ ಇಲ್ಲದ ಟ್ಯಾಪೆಟ್ ವಾಲ್ವನ್ನು ಪೂರ್ತಿ ಮುಚ್ಚಲು ಬಿಡುವುದಿಲ್ಲ. ಮುಚ್ಚದ ವಾಲ್ವು ಸೀಟಿಗೆ ಬಿಸಿ ದಾಟಿಸಲಾರದೆ ಸುಡುತ್ತದೆ. ಪ್ರತಿ ಸಲ ಅಳೆದಾಗಲೂ ಒಂದೇ ವಾಲ್ವಿನ ಅಂತರ ಕಡಿಮೆಯಾಗುತ್ತಿದ್ದರೆ ಅದರ ಸೀಟು ತಗ್ಗುತ್ತಿದೆ ಎಂದು ತಿಳಿಯಿರಿ.

ಪ್ಲಗ್ಗುಗಳಿಗೆ ಕರೆಂಟು ಹಂಚುವ ಡೆಲ್ಕೋದೊಳಗೆ (ಡಿಸ್ಟ್ರಿಬ್ಯೂಟರ್) ಕರೆಂಟು ಕಡಿದು ಕೂಡಿಸುವ ಪಾಯಿಂಟಿಗೆ ಸುಮಾರು 0.4 ಮಿ.ಮೀ., ಪ್ಲಗ್ಗಿಗೆ 0.6 ಮಿ.ಮೀ. ಅಂತರ. ಪಾಯಿಂಟಿನ ಹಿಮ್ಮಡಿ ಕ್ಯಾಮಿನ ಮೇಲೆ ಉಜ್ಜಿ ಸವೆದಂತೆ ಅಂತರ ಕಿರಿದಾಗಿ ಟೈಮಿಂಗ್ ಹಿಂದೆ ಬೀಳುತ್ತದೆ. ಪಿಕಪ್ ಸತ್ತು ಎಂಜಿನ್ ಬಿಸಿಯೇರುವುದಕ್ಕೆ ಇದೂ ಒಂದು ಕಾರಣ. ಕ್ಯಾಮಿಗೆ ಬೆಂಕಿಕಡ್ಡಿಯ ತಲೆಯಷ್ಟು ಗ್ರೀಸ್ ಸವರಿದರೆ ಸವೆತ ನಿಧಾನವಾಗುತ್ತದೆ. ಹೆಚ್ಚು ಸವರಿದರೆ ಪಾಯಿಂಟಿಗೆ ಸಿಡಿದು ಮಿಸ್ಸಿಂಗ್. ಬೆಳಗ್ಗೆ ಚೆನ್ನಾಗಿ ಸ್ಟಾರ್ಟ್ ಆಗಿ, ಬಿಸಿಯಾದ ಮೇಲೆ ನಿಂತು, ಅರ್ಧ ಗಂಟೆ ಬಿಟ್ಟು ಮತ್ತೆ ಸ್ಟಾರ್ಟ್ ಆಗುವ ಕಾರಿನಲ್ಲಿ ಮೊದಲು ಅನುಮಾನಿಸಬೇಕಾದ್ದು ಪಾಯಿಂಟಿನ ಕಿಡಿ ತಡೆಯುವ ಕಂಡೆನ್ಸರ್, ಆಮೇಲೆ ಪ್ಲಗ್ಗಿಗೆ ಹೆಚ್ಚು ವೋಲ್ಟೇಜ್ ಕೊಡುವ ಕಾಯಿಲ್. ಕ್ಯಾಪ್ ತೆಗೆದು ಇಗ್ನಿಷನ್ ಹಾಕಿ ಪಾಯಿಂಟನ್ನು ಉಗುರಿನಿಂದ ಬಿಡಿಸಿದಾಗ ದಪ್ಪ ನೀಲಿ ಕಿಡಿ ಅಲ್ಲೇ ಹಾರಿದರೆ ಕಂಡೆನ್ಸರ್ ಹೋಗಿದೆ. ಡೈನಮೊ ಇರುವ ಹಳೆಯ ಕಾರಾದರೆ ಐಡ್ಲಿಂಗ್‌ನಲ್ಲಿ ಅದು ಚಾರ್ಜ್ ಮಾಡುವುದಿಲ್ಲ. ರಾತ್ರಿ ಟ್ರಾಫಿಕ್‌ನಲ್ಲಿ ಹೆಡ್‌ಲೈಟ್ ಹಾಕಿ ನಿಂತರೆ ಬ್ಯಾಟರಿ ಇಳಿಯುತ್ತದೆ. ಎಂಜಿನ್ನಿನಿಂದ ಕಾರಿನ ಬಾಡಿಯ ತಗಡಿಗೆ ಹೋಗುವ ಅರ್ತ್ ಪಟ್ಟಿ ತುಕ್ಕು ಹಿಡಿದರೆ ಸ್ಟಾರ್ಟರಿನ ಕರೆಂಟು ಚೋಕ್ ಕೇಬಲ್ಲಿನ ಮೂಲಕ ದಾರಿ ಹುಡುಕುತ್ತದೆ. ಸೆಲ್ಫ್ ಹೊಡೆದಾಗ ಚೋಕ್ ನಾಬು ಬಿಸಿಯಾದರೆ ಗಾಬರಿಬೇಡ, ಪಟ್ಟಿ ಬದಲಿಸಿ.

ಈಗಿನ ಕಾಲದ ಹೊಸ ತಲೆನೋವು ಶೇ 20 ಎಥನಾಲ್ ಬೆರೆತ ಪೆಟ್ರೋಲ್. ಈ ಕಾರಿನ ರಬ್ಬರ್ ಪೈಪು, ಪೆಟ್ರೋಲ್ ಪಂಪಿನ ಡಯಾಫ್ರಾಮ್ ಎಥನಾಲಿಗೆ ಮೆತ್ತಗಾಗಿ ಒಡೆಯುತ್ತವೆ. ಬಿಸಿ ಎಂಜಿನ್ನಿನ ಮೇಲೆ ಪೆಟ್ರೋಲ್ ತೊಟ್ಟಿಕ್ಕುವುದೆಂದರೆ ತಮಾಷೆಯಲ್ಲ. ಟ್ಯಾಂಕಿನಿಂದ ಕಾರ್ಬುರೇಟರಿನವರೆಗೆ ಎಲ್ಲ ರಬ್ಬರ್ ಪೈಪುಗಳನ್ನೂ ಎಥನಾಲ್ ತಡೆಯುವ ಬಗೆಯದಕ್ಕೆ ಬದಲಿಸಿ, ಕ್ಲಿಪ್ಪೂ ಹೊಸದಿರಲಿ. ಎಥನಾಲ್ ಉರಿಯಲು ಪೆಟ್ರೋಲಿನಷ್ಟು ಗಾಳಿ ಬೇಡ, ಹಾಗಾಗಿ ಕಾರ್ಬುರೇಟರಿನಲ್ಲಿ ಪೆಟ್ರೋಲ್ ಅಳೆದು ಬಿಡುವ ಹಳೆಯ ಜೆಟ್ಟಿನಲ್ಲಿ ಮಿಶ್ರಣ ತೆಳುವಾಗಿ ಎಂಜಿನ್ ಬಿಸಿಯೇರುತ್ತದೆ, ಆಕ್ಸಿಲರೇಟರ್ ಒತ್ತಿದಾಗ ಕೆಮ್ಮುತ್ತದೆ. ಪ್ಲಗ್ ಬಿಚ್ಚಿ ತುದಿ ಬೆಳ್ಳಗಿದ್ದರೆ ಮೇನ್ ಜೆಟ್ ಒಂದು ಅಳತೆ ಮೇಲೇರಿಸಿ, ಉದಾಹರಣೆಗೆ 115 ಇದ್ದರೆ 120. ಜೆಟ್ಟಿನ ತೂತನ್ನು ಸೂಜಿ ಹಾಕಿ ದೊಡ್ಡದು ಮಾಡುವವರ ಹತ್ತಿರ ಕಾರು ಬಿಡಬೇಡಿ. ಎಥನಾಲ್ ಗಾಳಿಯ ತೇವ ಹೀರುತ್ತದೆ. ನೀರು ಹೆಚ್ಚಾದರೆ ಎರಡೂ ಬೇರ್ಪಟ್ಟು ಟ್ಯಾಂಕಿನ ತಳದಲ್ಲಿ ಕೂರುತ್ತವೆ. ತಿಂಗಳುಗಟ್ಟಲೆ ಅದೇ ಪೆಟ್ರೋಲ್ ಉಳಿಸದೆ ಓಡಿಸಿ ಖಾಲಿ ಮಾಡುತ್ತಿರಬೇಕು. ಬೇಸಿಗೆಯ ಮಧ್ಯಾಹ್ನ ಕಾರು ತಟ್ಟನೆ ನಿಂತು, ಕಾರ್ಬುರೇಟರಿಗೆ ಪೆಟ್ರೋಲ್ ಬರದಿದ್ದರೆ ಪೈಪಿನಲ್ಲಿ ಆವಿ ಕಟ್ಟಿದೆ. ಪಂಪಿನ ಮೇಲೆ ಒದ್ದೆ ಬಟ್ಟೆ ಹಾಕಿ ಹತ್ತು ನಿಮಿಷ ಕಾಯಿರಿ.

ಬ್ರೇಕು ನಾಲ್ಕೂ ಚಕ್ರಕ್ಕೆ ಡ್ರಮ್ಮು. ಪೆಡಲ್ ಒತ್ತಿದಾಗ ಬ್ರೇಕ್ ಆಯಿಲ್ ತಳ್ಳುವ ಮಾಸ್ಟರ್ ಸಿಲಿಂಡರಿನಿಂದ ಹೊರಡುವುದು ಒಂದೇ ದಾರಿ, ಎಲ್ಲಿ ಒಂದು ಪೈಪು ಸೋರಿದರೂ ನಾಲ್ಕಕ್ಕೂ ಬ್ರೇಕಿಲ್ಲ. ಆದ್ದರಿಂದ ಪೆಡಲ್ ಏನು ಹೇಳುತ್ತಿದೆ ಎಂದು ಕೇಳಿಸಿಕೊಳ್ಳಬೇಕು. ಸ್ಪಂಜಿನಂತೆ ಮೆತ್ತಗಿದ್ದರೆ ಗಾಳಿ ಸೇರಿದೆ. ಮೊದಲ ಒತ್ತಿಗೆ ಕೆಳಗೆ ಹೋಗಿ ಎರಡನೆಯದಕ್ಕೆ ಮೇಲೆ ನಿಂತರೆ ಡ್ರಮ್ಮಿಗೆ ಒತ್ತುವ ಶೂ ಅಡ್ಜಸ್ಟ್ ಆಗಬೇಕು: ಅಡ್ಜಸ್ಟರನ್ನು ಚಕ್ರ ಹಿಡಿಯುವವರೆಗೆ ತಿರುಗಿಸಿ, ಸಲೀಸಾಗಿ ತಿರುಗುವಷ್ಟು ಮಾತ್ರ ಹಿಂದಕ್ಕೆ ಬಿಡಿ. ಒತ್ತಿ ಹಿಡಿದಾಗ ಮೆಲ್ಲಗೆ ನೆಲಕ್ಕಿಳಿದರೆ ಎಲ್ಲೋ ಸೋರುತ್ತಿದೆ, ಇಲ್ಲವೇ ಮಾಸ್ಟರ್ ಸಿಲಿಂಡರಿನ ರಬ್ಬರ್ ಹೋಗಿದೆ. ಅಂಥ ಕಾರನ್ನು ಗ್ಯಾರೇಜಿಗೂ ಓಡಿಸಿಕೊಂಡು ಹೋಗಬೇಡಿ. ಗಾಳಿ ತೆಗೆಯುವುದು ಮಾಸ್ಟರ್ ಸಿಲಿಂಡರಿಗೆ ಅತಿ ದೂರದ ಚಕ್ರದಿಂದ, ಅಂದರೆ ಹಿಂದಿನ ಎಡ, ಹಿಂದಿನ ಬಲ, ಮುಂದಿನ ಎಡ, ಕೊನೆಗೆ ಮುಂದಿನ ಬಲ. ಡಾಟ್ 3 ಆಯಿಲ್ ಮಾತ್ರ. ಡಬ್ಬಿಯಲ್ಲಿ ಎಂಜಿನ್ ಎಣ್ಣೆ ಒಂದು ಹನಿ ಬೆರೆತಿದ್ದರೂ ರಬ್ಬರ್ ಕಪ್ಪುಗಳು ಊದಿಕೊಂಡು ಬ್ರೇಕು ಕಚ್ಚಿಕೊಳ್ಳುತ್ತದೆ. ಎರಡು ವರ್ಷಕ್ಕೊಮ್ಮೆ ಬದಲಿಸಿ, ಅದೂ ತೇವ ಹೀರುತ್ತದೆ. ಘಾಟಿ ಇಳಿಯುವಾಗ ಬ್ರೇಕ್ ಮೇಲೆಯೇ ಕಾಲಿಟ್ಟರೆ ಬಿಸಿಗೆ ಡ್ರಮ್ಮು ಹಿಗ್ಗಿ ಶೂವಿನಿಂದ ದೂರ ಸರಿಯುತ್ತದೆ. ಸೆಕೆಂಡ್ ಗೇರಿನಲ್ಲಿ ಇಳಿಸಿ.

ಬಾಡಿಯ ಬಗ್ಗೆ ಚುಟುಕಾಗಿ. ಅಂಬಾಸಿಡರಿನಂತೆ ಇದಕ್ಕೂ ಬೇರೆ ಚಾಸಿಯಿಲ್ಲ, ತಗಡೇ ಕಾರಿನ ಬೆನ್ನೆಲುಬು. ಮಂಗಳೂರು, ಉಡುಪಿಯ ಉಪ್ಪುಗಾಳಿಯಲ್ಲಿ, ಮಲೆನಾಡಿನ ಮಳೆಯಲ್ಲಿ ಬಾಗಿಲ ಕೆಳಗಿನ ಪಟ್ಟಿಯನ್ನು ತುಕ್ಕು ಮೊದಲು ತಿನ್ನುತ್ತದೆ. ಅದರ ಮೇಲೆ ಪುಟ್ಟಿ ಮೆತ್ತಿ ಪೇಂಟ್ ಹೊಡೆಸಿದ ಕಾರು ಜಾಕ್ ಕೊಟ್ಟಾಗ ಬಾಗಿಲು ಮುಚ್ಚಿಕೊಳ್ಳದೆ ತನ್ನ ಗುಟ್ಟನ್ನು ತಾನೇ ಬಿಟ್ಟುಕೊಡುತ್ತದೆ. ಹಳೆಯ ಕಾರು ಕೊಳ್ಳುವವರು ಇದೊಂದು ಪರೀಕ್ಷೆ ಮಾಡಲೇಬೇಕು. ಬಾಗಿಲ ತಳದ ಸಣ್ಣ ತೂತುಗಳನ್ನು ಕಡ್ಡಿಯಿಂದ ಬಿಡಿಸಿಡಿ, ಮಳೆನೀರು ಹೋಗಬೇಕಾದ್ದು ಅಲ್ಲಿಂದಲೇ. ಟೈರಿನ ಗುಂಡಿ ಆಳವಾಗಿದ್ದರೆ ಸಾಲದು, ಪಕ್ಕದಲ್ಲಿ ಅಚ್ಚಾದ ನಾಲ್ಕು ಅಂಕಿ ನೋಡಿ. 2314 ಎಂದಿದ್ದರೆ 2014ರ 23ನೇ ವಾರದ್ದು, ಎಷ್ಟೇ ಹೊಸದಾಗಿ ಕಂಡರೂ ಅದು ಬೇಡ.

ಕಾಗದಪತ್ರದ ಗೊಂದಲವೂ ಕೆಲವರ ಕಾರನ್ನು ಗುಜರಿಗೆ ಕಳಿಸಿದೆ. 15 ವರ್ಷ ದಾಟಿದ ಪೆಟ್ರೋಲ್ ಕಾರನ್ನು ಓಡಿಸಬಾರದೆಂಬ ನಿರ್ಬಂಧದ ಸುದ್ದಿ ದೆಹಲಿ ಸುತ್ತಮುತ್ತಲಿನದು. ಅದನ್ನೋದಿ ಇಲ್ಲಿ ಗಾಬರಿಬಿದ್ದು ಮಾರಿದವರಿದ್ದಾರೆ. ಇಲ್ಲಿ ಫಿಟ್‌ನೆಸ್ ಪರೀಕ್ಷೆ ಮಾಡಿಸಿ, ಫಾರಂ 25ರಲ್ಲಿ ಅರ್ಜಿ ಕೊಟ್ಟು ಐದೈದು ವರ್ಷಕ್ಕೆ ನೋಂದಣಿ ನವೀಕರಿಸಿಕೊಳ್ಳಬಹುದು. 20 ವರ್ಷ ದಾಟಿದ ಕಾರಿಗೆ ಕೇಂದ್ರ ಸರ್ಕಾರ 2025ರಲ್ಲಿ ಈ ಶುಲ್ಕವನ್ನು 10,000 ರೂಪಾಯಿಗೆ ಏರಿಸಿದ್ದು ನ್ಯಾಯವೇ ಎಂಬುದು ಬೇರೆ ಮಾತು. 50 ವರ್ಷ ದಾಟಿದವಕ್ಕೆ ‘ವಿಂಟೇಜ್’ ನೋಂದಣಿಯೂ ಉಂಟು. ಆದರೆ ‘ವಿಎ’ ಅಕ್ಷರದ ಆ ಪ್ಲೇಟ್ ಹಾಕಿಸಿದರೆ ಪ್ರದರ್ಶನ, ತಾಂತ್ರಿಕ ಸಂಶೋಧನೆ, ರ್‍ಯಾಲಿ, ಪೆಟ್ರೋಲ್ ತುಂಬಿಸುವುದು, ದುರಸ್ತಿ ಇಷ್ಟಕ್ಕೇ ರಸ್ತೆಗಿಳಿಸಬಹುದು. ಮನೆಮಂದಿ ಕೂತು ಸಂತೆಗೂ ದೇವಸ್ಥಾನಕ್ಕೂ ಹೋಗುವ ಕಾರಾಗಿ ಉಳಿಯಬೇಕೆಂದರೆ ಆ ಪ್ಲೇಟಿನ ಆಸೆಗೆ ಬೀಳಬೇಡಿ. ಹೊಗೆ ತಪಾಸಣೆಯಲ್ಲಿ ಕಾರ್ಬನ್ ಮೊನಾಕ್ಸೈಡ್ ಶೇ 3ರೊಳಗಿರಬೇಕು. ಚೋಕ್ ಪೂರ್ತಿ ಒಳಗೆ ಹೋಗಿ, ಏರ್ ಫಿಲ್ಟರ್ ಶುದ್ಧವಾಗಿದ್ದು, ಎಂಜಿನ್ ಬಿಸಿಯಾಗಿದ್ದರೆ ಒಳ್ಳೆಯ ಪದ್ಮಿನಿ ಇದನ್ನು ಸುಲಭವಾಗಿ ದಾಟುತ್ತದೆ.

ತಮ್ಮ ಪತ್ರಿಕೆಯ ವಾಹನ ಪುಟದಲ್ಲಿ ಪ್ರತಿವಾರ ಹೊಸ ಕಾರಿನ ಪರದೆಯ ಅಳತೆ ಓದುತ್ತೇವೆ. ತಿಂಗಳಿಗೊಮ್ಮೆಯಾದರೂ ಕಿಂಗ್ ಪಿನ್ ಬುಷ್ ರೀಮ್ ಮಾಡುವವರು, ಸೋಲೆಕ್ಸ್ ಕಾರ್ಬುರೇಟರ್ ಬಿಚ್ಚಿ ಜೋಡಿಸಬಲ್ಲವರು, ಪಾಟಾ ಸ್ಪ್ರಿಂಗಿಗೆ ಬಾಗು ಕೊಡುವವರು ಯಾವ ಊರಿನಲ್ಲಿ ಇನ್ನೂ ಉಳಿದಿದ್ದಾರೆ ಎಂದು ಅವರ ಒಪ್ಪಿಗೆ ಪಡೆದು ಅಚ್ಚು ಹಾಕಿದರೆ ಶೆಡ್ಡಿನಲ್ಲಿರುವ ಎಷ್ಟೋ ಕಾರುಗಳು ಹೊರಬರುತ್ತವೆ. ಬಿಡಿಭಾಗ ಹುಡುಕುವವರು ಬೆಂಗಳೂರಿನ ಜೆ.ಸಿ. ರಸ್ತೆಯ ಹಳೆಯ ಅಂಗಡಿಗಳಲ್ಲಿ ಹಳೆಯ ಭಾಗವನ್ನೇ ಕೈಯಲ್ಲಿ ಹಿಡಿದು ಕೇಳಬೇಕು. ‘ಫಿಯೆಟ್ಟಿಂದು ಕೊಡಿ’ ಎಂದರೆ ಯಾವ ವರ್ಷದ್ದೋ ಬರುತ್ತದೆ. ದೂರ ಹೊರಡುವಾಗ ಡಿಕ್ಕಿಯಲ್ಲಿ ಒಂದು ಕಂಡೆನ್ಸರ್, ಒಂದು ಸೆಟ್ ಪಾಯಿಂಟ್, ಫ್ಯಾನ್ ಬೆಲ್ಟ್, ಪೆಟ್ರೋಲ್ ಪಂಪಿನ ಡಯಾಫ್ರಾಮ್, ಒಂದು ಮೀಟರ್ ಪೆಟ್ರೋಲ್ ಪೈಪು, ಐದು ಲೀಟರ್ ನೀರು, ಒದ್ದೆ ಮಾಡಲು ಒಂದು ಹಳೆಯ ಪಂಚೆಯ ತುಂಡು ಇರಲಿ.

ಇಂತಿ,
ತಮ್ಮ ಓದುಗ
ಮೈಸೂರು